ಮೂರು ತೋಪುಗಳ ಬೂಗನ್‌ವಿಲ್: ಆಟದೊಳಗಿನ ಒಂದು ಫ್ರೆಂಚ್ ಬೆಂಗಾವಲು ಹಡಗಿನ ವಿಮರ್ಶೆ

ವರ್ಲ್ಡ್ ಆಫ್ ವಾರ್‌ಶಿಪ್ಸ್ ಎಂಬ ನೌಕಾಯುದ್ಧದ ಕಂಪ್ಯೂಟರ್ ಆಟದಲ್ಲಿ ಫ್ರೆಂಚ್ ಕ್ರೂಸರುಗಳ (ಮಧ್ಯಮ ಗಾತ್ರದ ಯುದ್ಧನೌಕೆಗಳ) ಸಾಲು ಬೂಗನ್‌ವಿಲ್ ಎಂಬ ಹಡಗಿನಿಂದ ಆರಂಭವಾಗುತ್ತದೆ. ಇದು ಒಂದನೆಯ, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ ಹಡಗು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾವ ಸಾಧನೆಯನ್ನೂ ತೋರಿಸಬೇಕಾಗಿಲ್ಲ. ಆದ್ದರಿಂದಲೇ ಹೆಚ್ಚಿನವರು ಇದನ್ನು ಎರಡನೆಯ ಹಂತಕ್ಕೆ ಹತ್ತುವ ಮೆಟ್ಟಿಲೆಂದಷ್ಟೇ ಎಣಿಸಿ, ಒಂದೆರಡು ಕಾಳಗ ಮುಗಿಸಿ, ಮತ್ತೆ ತಿರುಗಿ ನೋಡದೆ ಮುಂದೆ ಹೋಗುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಆಟವನ್ನು ಕಲಿಯಲು ಇದಕ್ಕಿಂತ ನಿಷ್ಠುರವಾದ, ಅದಕ್ಕಾಗಿಯೇ ಇದಕ್ಕಿಂತ ಉಪಯುಕ್ತವಾದ ಹಡಗು ಕೆಳಹಂತದಲ್ಲಿ ಇನ್ನೊಂದಿಲ್ಲ. ಆದರೆ ಇದೇ ಹಡಗಿನ ಮೇಲೆ ಆಟದ ತಯಾರಕರ ವಿರುದ್ಧ ನನ್ನ ತಕರಾರೂ ಇದೆ: ಅವರು ಹಡಗಿನ ಮೈಯನ್ನು ಶ್ರದ್ಧೆಯಿಂದ ಕಟ್ಟಿಕೊಟ್ಟಿದ್ದಾರೆ, ಅದರ ಕಸುಬನ್ನು ಮಾತ್ರ ಹೊರಗಿಟ್ಟಿದ್ದಾರೆ.

ಆಟದ ಪಟ್ಟಿಯಲ್ಲಿ ಬೂಗನ್‌ವಿಲ್ ಕ್ರೂಸರ್ ಎಂದು ನಮೂದಾಗಿದ್ದರೂ ನಿಜದಲ್ಲಿ ಅದು ಕ್ರೂಸರ್ ಆಗಿರಲಿಲ್ಲ. ಫ್ರೆಂಚ್ ನೌಕಾಪಡೆಯಲ್ಲಿ ಇಂತಹ ಹಡಗುಗಳನ್ನು ಅವಿಸೊ ಎಂದು ಕರೆಯುತ್ತಿದ್ದರು. ದೂರದ ವಸಾಹತುಗಳ ಕರಾವಳಿಯಲ್ಲಿ ಗಸ್ತು ತಿರುಗುವುದು, ಸರಕಿನ ಹಡಗುಗಳಿಗೆ ಬೆಂಗಾವಲಾಗಿ ಹೋಗುವುದು, ಬಂದರಿನಲ್ಲಿ ಧ್ವಜ ಹಾರಿಸಿಕೊಂಡು ನಿಂತು ಇಲ್ಲಿ ಆಳುವವರು ನಾವೇ ಎಂದು ತೋರಿಸುವುದು ಇವುಗಳ ಕೆಲಸವಾಗಿತ್ತು. ಬೂಗನ್‌ವಿಲ್ ವರ್ಗದಲ್ಲಿ, ಅಂದರೆ ಅದೇ ನಕ್ಷೆಯಿಂದ, ಹತ್ತು ಹಡಗುಗಳನ್ನು ಕಟ್ಟುವ ಆಲೋಚನೆಯಿದ್ದರೂ ಸೇವೆಗೆ ಬಂದವು ಎಂಟು. ಸುಮಾರು 2,000 ಟನ್ ತೂಕ, ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, 138.6 ಮಿ.ಮೀ. ವ್ಯಾಸದ ಮೂರು ಒಂಟಿ ತೋಪುಗಳು, ಸಮುದ್ರದಲ್ಲಿ ಬಿತ್ತಲು ಐವತ್ತು ನೆಲಬಾಂಬುಗಳಂತಹ ಮೈನುಗಳು, ನೀರಿನ ಮೇಲಿಳಿಯುವ ಒಂದು ಪುಟ್ಟ ವಿಮಾನ, ಮತ್ತು ಕಡಿಮೆ ಇಂಧನದಲ್ಲಿ ಬಹುದೂರ ಹೋಗಬಲ್ಲ ಡೀಸೆಲ್ ಎಂಜಿನುಗಳು ಇವುಗಳ ಬಂಡವಾಳ. ವೇಗ ಮಾತ್ರ ಹದಿನೈದೂವರೆ ನಾಟ್‌ಗಳ (ಗಂಟೆಗೆ ಸುಮಾರು 29 ಕಿ.ಮೀ.) ಆಸುಪಾಸಿನದು. ಅದೇ ಕಾಲದ ಫ್ರೆಂಚ್ ಡಿಸ್ಟ್ರಾಯರುಗಳು (ವೇಗದ ಸಣ್ಣ ಯುದ್ಧನೌಕೆಗಳು) ಮೂವತ್ತೈದು ನಾಟ್ ದಾಟಿ ಓಡುತ್ತಿದ್ದುದನ್ನು ನೆನೆದರೆ, ಇದನ್ನು ಓಟಕ್ಕೆಂದು ಕಟ್ಟಿದ್ದಲ್ಲ, ಹೋದ ಕಡೆ ಬಹುಕಾಲ ಇರುವುದಕ್ಕೆಂದು ಕಟ್ಟಿದ್ದು ಎಂಬುದು ತಿಳಿಯುತ್ತದೆ.

ಈ ನಿಧಾನವೇ ಆಟದಲ್ಲಿ ಮೊದಲು ಕೈಗೆ ಸಿಗುವ ಅನುಭವ. ಕಾಳಗ ಆರಂಭವಾದ ಮೇಲೆ ಎದುರಾಳಿ ಕಣ್ಣಿಗೆ ಬೀಳುವಷ್ಟರಲ್ಲಿ ಸಾಕಷ್ಟು ಹೊತ್ತು ಹೋಗುತ್ತದೆ. ಮುಂದೆ ಹೋದ ಮೇಲೆ ತಪ್ಪು ಜಾಗಕ್ಕೆ ಬಂದೆನೆಂದು ಗೊತ್ತಾದರೆ ಹಿಂದಿರುಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೀಗಾಗಿ ಎಲ್ಲಿಗೆ ಹೋಗಬೇಕೆಂಬುದನ್ನು ಆಟಗಾರನು ಹೊರಡುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ವೇಗದ ಡಿಸ್ಟ್ರಾಯರುಗಳಿಂದ ಆಟ ಕಲಿತವರಿಗೆ ಈ ಅಭ್ಯಾಸ ತಡವಾಗಿ ಬರುತ್ತದೆ, ಏಕೆಂದರೆ ಅವರು ಸಿಕ್ಕಿಬಿದ್ದಾಗಲೆಲ್ಲ ಓಡಿ ತಪ್ಪಿಸಿಕೊಂಡಿರುತ್ತಾರೆ. ಬೂಗನ್‌ವಿಲ್‌ಗೆ ಓಡುವ ದಾರಿಯೇ ಇಲ್ಲ. ಚುಕ್ಕಾಣಿ ತಿರುಗಿಸಿದ ಮೇಲೆ ಮೂತಿ ತಿರುಗುವವರೆಗಿನ ಆ ಕೆಲವು ಕ್ಷಣಗಳನ್ನು ಲೆಕ್ಕಕ್ಕೆ ಹಿಡಿದೇ ಚುಕ್ಕಾಣಿಗೆ ಕೈ ಹಾಕಬೇಕು.

ಎರಡನೆಯದು ತೋಪುಗಳ ವಿಷಯ. ಮೂರೇ ಮೂರು ಒಂಟಿ ತೋಪುಗಳಿರುವುದರಿಂದ ಒಮ್ಮೆ ಹಾರಿಸಿದರೆ ಹೋಗುವುದು ಮೂರು ಗುಂಡು. ನಿಜದ ತೋಪಿನಲ್ಲಿ ಒಂದೊಂದು ಗುಂಡೂ ಸುಮಾರು 40 ಕೆ.ಜಿ. ತೂಗುತ್ತಿತ್ತು, ಮತ್ತು ಆಟದಲ್ಲಿಯೂ ಅದು ತಗಲಿದರೆ ಒಂದನೆಯ ಹಂತದ ತೆಳುವಾದ ಹಡಗುಗಳಿಗೆ ಚೆನ್ನಾಗಿಯೇ ಪೆಟ್ಟಾಗುತ್ತದೆ. ಆದರೆ ತಗಲಬೇಕು. ಎದುರಾಳಿ ಈಗ ಇರುವ ಜಾಗಕ್ಕಲ್ಲ, ಗುಂಡು ಹೋಗಿ ಬೀಳುವ ಹೊತ್ತಿಗೆ ಅದು ಎಲ್ಲಿರುತ್ತದೋ ಆ ಜಾಗಕ್ಕೆ ಗುರಿ ಇಡಬೇಕೆಂಬುದು ಈ ಆಟದ ಮೊದಲ ಪಾಠ. ದುರ್ಬೀನಿನ ನೋಟದಲ್ಲಿ ಅಡ್ಡಗೆರೆಯ ಮೇಲೆ ಗುರುತುಗಳಿರುತ್ತವೆ; ಎದುರಾಳಿಯ ವೇಗ, ದೂರ, ಅದು ಸಾಗುತ್ತಿರುವ ಕೋನ ಇವನ್ನೆಲ್ಲ ನೋಡಿ ಎಷ್ಟು ಗುರುತು ಮುಂದಿಡಬೇಕೆಂದು ಅಂದಾಜಿಸಬೇಕು. ಆರೆಂಟು ತೋಪುಗಳ ಹಡಗಿನಲ್ಲಿ ಅಂದಾಜು ಸ್ವಲ್ಪ ತಪ್ಪಿದರೂ ಒಂದೆರಡು ಗುಂಡು ತಗಲಿ ಸಮಾಧಾನ ಕೊಡುತ್ತವೆ, ಹಾಗೂ ಅಂದಾಜು ತಪ್ಪಾಗಿತ್ತೆಂಬುದೇ ಮರೆತುಹೋಗುತ್ತದೆ. ಇಲ್ಲಿ ಮೂರೂ ಗುಂಡುಗಳು ನೀರಿಗೆ ಬಿದ್ದು ಮೂರು ಬಿಳಿ ಕಂಬಗಳೆದ್ದರೆ ಎಡವಿದ್ದೆಲ್ಲಿ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನೀರಿನ ಕಂಬಗಳು ಎದುರಾಳಿಯ ಹಿಂದೆ ಎದ್ದವೋ, ಮುಂದೆ ಎದ್ದವೋ ನೋಡಿ ಮುಂದಿನ ಸಲದ ಗುರಿಯನ್ನು ತಿದ್ದಿಕೊಳ್ಳುವುದು ನಿಜವಾದ ತೋಪುಗಾರರು ಮಾಡುತ್ತಿದ್ದ ಕೆಲಸವೇ ಆಗಿದೆ.

ಮುಂದಿನ ತೋಪಿನ ಜೊತೆ ಹಿಂದಿನದೂ ಗುರಿಗೆ ಬರಬೇಕಾದರೆ ಹಡಗು ತನ್ನ ಪಕ್ಕವನ್ನು ಒಂದಿಷ್ಟು ತೋರಿಸಲೇಬೇಕು. ಪಕ್ಕ ತೋರಿಸಿದರೆ ಎದುರಾಳಿಗೆ ಗುರಿ ದೊಡ್ಡದಾಗುತ್ತದೆ. ಮೂತಿಯನ್ನಷ್ಟೇ ತೋರಿಸಿ ನಿಂತರೆ ಪೆಟ್ಟು ಕಡಿಮೆ, ಆದರೆ ಹಾರಿಸುವ ಬಲವೂ ಕಡಿಮೆ. ತೋಪು ತುಂಬುವಾಗ ಮೂತಿ ತಿರುಗಿಸಿಕೊಂಡು, ತುಂಬಿದೊಡನೆ ಓರೆಯಾಗಿ, ಹಾರಿಸಿ ಮತ್ತೆ ಮೂತಿ ತಿರುಗಿಸುವ ಆ ಲಯ ಹತ್ತನೆಯ ಹಂತದ ಭಾರೀ ಹಡಗುಗಳಿಗೂ ಅನ್ವಯಿಸುತ್ತದೆ. ಆ ಲಯವನ್ನು ಇಲ್ಲಿ, ಸೋತರೂ ಏನೂ ಹೋಗದ ಜಾಗದಲ್ಲಿ, ರೂಢಿಸಿಕೊಂಡವನಿಗೆ ಮುಂದೆ ಲಾಭವಿದೆ. ಟಾರ್ಪಿಡೊ ಇಲ್ಲ, ಹೊಗೆ ಪರದೆ ಇಲ್ಲ, ಎಂಜಿನಿಗೆ ಹುರುಪು ಕೊಡುವ ಗುಂಡಿಯೂ ಇಲ್ಲ. ಬೆಂಕಿ ಹತ್ತಿದರೆ ಆರಿಸಲು ದುರಸ್ತಿ ತಂಡವಿದೆ. ಅದನ್ನು ಸಣ್ಣ ಬೆಂಕಿಗೇ ಕರೆದುಬಿಟ್ಟರೆ ದೊಡ್ಡ ಬೆಂಕಿಗೆ ಸಿಗುವುದಿಲ್ಲ. ವಿಮಾನವಾಹಕಗಳು ನಾಲ್ಕನೆಯ ಹಂತದಿಂದ ಶುರುವಾಗುವುದರಿಂದ ಆಕಾಶದ ಚಿಂತೆಯಿಲ್ಲ. ಸ್ಫೋಟಕ ಗುಂಡು, ಕವಚ ಭೇದಿಸುವ ಗುಂಡು ಎಂಬ ಎರಡು ಬಗೆಯಲ್ಲಿ ಈ ಹಂತದಲ್ಲಿ ಹೆಚ್ಚಾಗಿ ಸ್ಫೋಟಕ ಗುಂಡೇ ಸಾಕು, ಏಕೆಂದರೆ ತೆಳು ಹಡಗಿಗೆ ಹೊಡೆದ ಭೇದಕ ಗುಂಡು ಒಳಗೆ ಸಿಡಿಯದೆ ಇನ್ನೊಂದು ಕಡೆಯಿಂದ ಹೊರಬಿದ್ದುಬಿಡುತ್ತದೆ.

ಒಂದನೆಯ ಹಂತದವರಿಗೆ ಎದುರಾಗುವುದು ಒಂದನೆಯ ಹಂತದವರೇ. ಆಟದ ಈ ನಿಯಮದಿಂದ ತಯಾರಕರು ಬಹುಶಃ ಉದ್ದೇಶಿಸದ ಒಂದು ಒಳ್ಳೆಯ ಫಲ ಬಂದಿದೆ. ಇಲ್ಲಿ ಸೇರುವ ಹಡಗುಗಳಲ್ಲಿ ಹಲವು ಒಂದೇ ಕುಲದವು, ಅಂದರೆ ದೊಡ್ಡ ದೇಶಗಳ ಸಣ್ಣ ಗಸ್ತು ಹಡಗುಗಳು. ಅಮೆರಿಕದ ಇರಿಗೆ 152 ಮಿ.ಮೀ. ವ್ಯಾಸದ ನಾಲ್ಕು ತೋಪುಗಳಿವೆ. ಇತಿಹಾಸದ ಇರಿ 1942ರ ನವೆಂಬರಿನಲ್ಲಿ ಕುರಸಾವ್ ದ್ವೀಪದ ಬಳಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊಗೆ ತುತ್ತಾಯಿತು. ಇಟಲಿಯ ಎರಿತ್ರೇಯ ಕೆಂಪು ಸಮುದ್ರದ ಮಸಾವಾದಿಂದ 1941ರಲ್ಲಿ ತಪ್ಪಿಸಿಕೊಂಡು ಹಿಂದೂ ಮಹಾಸಾಗರವನ್ನು ದಾಟಿ ಜಪಾನ್ ಸೇರಿದ್ದು, 1943ರಲ್ಲಿ ಇಟಲಿ ಸೋತಾಗ ಕೊಲಂಬೊಗೆ ಬಂದು ಶರಣಾದದ್ದು, ಯುದ್ಧ ಮುಗಿದ ಮೇಲೆ ಫ್ರಾನ್ಸಿನ ಪಾಲಾಗಿ ಹೆಸರು ಬದಲಿಸಿಕೊಂಡು ಫ್ರೆಂಚ್ ಅವಿಸೊ ಆಗಿಯೇ ದುಡಿದದ್ದು, ಇವೆಲ್ಲ ಒಂದು ಕಾದಂಬರಿಗೆ ಸಾಲುವಷ್ಟಿವೆ. ಬೂಗನ್‌ವಿಲ್‌ನಿಂದ ಎರಿತ್ರೇಯದ ಮೇಲೆ ಗುಂಡು ಹಾರಿಸುವಾಗ ಮುಂದೆ ಇದೇ ನೌಕಾಪಡೆಗೆ ಸೇರಲಿದ್ದ ಹಡಗನ್ನು ಹೊಡೆಯುತ್ತಿದ್ದೇನೆಂಬ ಅರಿವು ನನಗಂತೂ ಬಾರದೆ ಇರುವುದಿಲ್ಲ.

ಆದರೆ ಕನ್ನಡ ನಾಡಿನ ಕರಾವಳಿಯಲ್ಲಿ ಕುಳಿತು ಆಡುವವನು ನಿಜವಾಗಿ ಗಮನಿಸಬೇಕಾದ ಎದುರಾಳಿ ಬ್ರಿಟನ್ನಿನ ಬ್ಲ್ಯಾಕ್ ಸ್ವಾನ್. ಅದರ ತೋಪುಗಳು ಚಿಕ್ಕವು, ಆದರೆ ಆರು. ಬೇಗ ತುಂಬಿಕೊಂಡು ಬೇಗ ಹಾರುವುದರಿಂದ ಹತ್ತಿರ ಬಂದರೆ ಅದು ಬೂಗನ್‌ವಿಲ್ಲನ್ನು ಮೆತ್ತಗೆ ಮಾಡುತ್ತದೆ. ಇದೇ ಬ್ಲ್ಯಾಕ್ ಸ್ವಾನ್ ವರ್ಗದ ಆರು ಹಡಗುಗಳು ಸ್ವಾತಂತ್ರ್ಯಪೂರ್ವದ ರಾಯಲ್ ಇಂಡಿಯನ್ ನೇವಿಯಲ್ಲಿದ್ದವು: ಸಟ್ಲೆಜ್, ಜಮುನಾ, ಕೃಷ್ಣಾ, ಕಾವೇರಿ, ನರ್ಮದಾ, ಗೋದಾವರಿ. ವಿಭಜನೆಯಲ್ಲಿ ಕೊನೆಯ ಎರಡು ಪಾಕಿಸ್ತಾನಕ್ಕೆ ಹೋದವು. ಕಾವೇರಿ ನಮ್ಮಲ್ಲಿ ಉಳಿಯಿತು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಸಂದರ್ಭದಲ್ಲಿ ಮರ್ಮಗೋವಾ ಬಂದರಿನಲ್ಲಿ ಬೇತ್ವಾ, ಬಿಯಾಸ್ ಹಡಗುಗಳ ಜೊತೆಗೂಡಿ ಕಾವೇರಿಯು ಎದುರಿಸಿದ ಪೋರ್ಚುಗೀಸ್ ಹಡಗು ಅಫೊನ್ಸೊ ದಿ ಆಲ್ಬುಕರ್ಕ್. ಅದೂ 1930ರ ದಶಕದ ಅವಿಸೊ; ನಾಲ್ಕು 120 ಮಿ.ಮೀ. ತೋಪುಗಳ, ವಸಾಹತು ಕಾಯಲೆಂದು ಕಟ್ಟಿದ ನಿಧಾನದ ಹಡಗು. ಆಧುನಿಕ ಫ್ರಿಗೇಟುಗಳ ಗುಂಡಿನ ಮಳೆಗೆ ಸಿಕ್ಕಿ, ಪೆಟ್ಟು ತಿಂದು, ಕೊನೆಗೆ ದಡಕ್ಕೆ ನುಗ್ಗಿ ನಿಂತುಬಿಟ್ಟಿತು. ಹಾಗಾಗಿ ಬ್ಲ್ಯಾಕ್ ಸ್ವಾನಿನ ತಂಗಿಯೊಂದು ಅವಿಸೊ ಒಂದರ ಮೇಲೆ ಗುಂಡು ಹಾರಿಸುವ ದೃಶ್ಯ ಆಟಗಾರರ ಕಲ್ಪನೆಯಷ್ಟೇ ಅಲ್ಲ. ಅದು ಮಂಗಳೂರಿನಿಂದ ಒಂದು ಹಗಲಿನ ರೈಲು ಪ್ರಯಾಣದ ದೂರದಲ್ಲಿ ನಡೆದುಹೋದ ಸಂಗತಿ. ಆಟದ ಈ ಅತ್ಯಂತ ಕೆಳಗಿನ, ಯಾರೂ ಲೆಕ್ಕಕ್ಕಿಡದ ಹಂತವೇ ನಮ್ಮ ಕರಾವಳಿಯ ಇತಿಹಾಸಕ್ಕೆ ಮೇಲಿನ ಎಲ್ಲ ಹಂತಗಳಿಗಿಂತ ಹತ್ತಿರದಲ್ಲಿದೆ.

ಇನ್ನು ತಕರಾರಿಗೆ ಬರುತ್ತೇನೆ. ಪಣಂಬೂರಿನ ಕಡಲ ತೀರದಲ್ಲಿ ನಿಂತವರಿಗೆ ನವಮಂಗಳೂರು ಬಂದರಿನೊಳಗೆ ಹೋಗಲು ಸರದಿ ಕಾಯುತ್ತ ಲಂಗರು ಹಾಕಿದ ಹಡಗುಗಳು ದೂರದಲ್ಲಿ ಕಾಣುತ್ತವೆ. ಬೆಂಗಾವಲು ಹಡಗೆಂಬುದು ಇರುವುದು ಅಂತಹ ಹಡಗುಗಳಿಗಾಗಿ. ಸರಕು ತುಂಬಿದ, ನಿಧಾನವಾದ, ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಹಡಗೊಂದು ಪಕ್ಕದಲ್ಲಿ ಇಲ್ಲದಿದ್ದರೆ ಬೆಂಗಾವಲಿನ ಹಡಗಿಗೆ ಅರ್ಥವೇ ಇಲ್ಲ. ಬೂಗನ್‌ವಿಲ್ ಸೇರುವ ಕಾಳಗಗಳಲ್ಲಿ ಅಂತಹ ಒಂದೂ ಹಡಗಿಲ್ಲ. ಎರಡು ತಂಡಗಳು ಎದುರುಬದುರಾಗಿ ಬರುತ್ತವೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ ಹೊಡೆದಾಡುತ್ತವೆ, ಯಾರೋ ಗೆಲ್ಲುತ್ತಾರೆ. ನಿಜದ ಹಡಗಿನ ಮೈನುಗಳನ್ನು ಬಿತ್ತುವ ಅವಕಾಶ ಇಲ್ಲಿಲ್ಲ, ವಿಮಾನವನ್ನು ಕಳುಹಿಸಿ ದೂರ ನೋಡುವಂತಿಲ್ಲ, ಇಂಧನವೆಂಬುದು ಈ ಆಟದಲ್ಲಿ ಎಂದೂ ಮುಗಿಯುವುದಿಲ್ಲವಾದ್ದರಿಂದ ಡೀಸೆಲ್ ಎಂಜಿನಿನ ಮಿತವ್ಯಯಕ್ಕೂ ಬೆಲೆಯಿಲ್ಲ. ಅಂದರೆ ಈ ಹಡಗಿನ ನಿರ್ಮಾಪಕರು ಯಾವುದಕ್ಕಾಗಿ ವೇಗವನ್ನು ಬಲಿಕೊಟ್ಟರೋ ಅದನ್ನೆಲ್ಲ ಆಟ ತೆಗೆದುಹಾಕಿ, ವೇಗದ ಕೊರತೆಯನ್ನಷ್ಟೇ ಉಳಿಸಿಕೊಂಡಿದೆ. ಮೀನುಗಾರರನ್ನು ಕಾಯುತ್ತ, ದೋಣಿ ಮುಳುಗಿದಾಗ ಓಡುತ್ತ, ಕಡಲ ಗಡಿಯಲ್ಲಿ ಸುಮ್ಮನೆ ಸುತ್ತು ಹೊಡೆಯುವ ನಮ್ಮ ಕರಾವಳಿ ರಕ್ಷಣಾ ಪಡೆಯ ಹಡಗುಗಳನ್ನು ನೋಡಿದವರಿಗೆ ಈ ಬಗೆಯ ದುಡಿಮೆಯ ಬೆಲೆ ಗೊತ್ತಿರುತ್ತದೆ.

ತಯಾರಕರ ಪರವಾಗಿ ಒಂದು ಮಾತು ಹೇಳಬಹುದು: ಆರನೆಯ ಹಂತದಿಂದ ಮೇಲಕ್ಕೆ ಕಂಪ್ಯೂಟರ್ ನಡೆಸುವ ಶತ್ರುಗಳ ವಿರುದ್ಧ ತಂಡವಾಗಿ ಆಡುವ ಕಾರ್ಯಾಚರಣೆಗಳಿವೆ, ಅವುಗಳಲ್ಲಿ ಸಾಗಣೆ ಹಡಗುಗಳನ್ನು ಕಾಯುವ ಕೆಲಸವೂ ಬರುತ್ತದೆ. ಆದರೆ ಅದೇ ಕೆಲಸಕ್ಕೆಂದು ಹುಟ್ಟಿದ ಹಡಗಿಗೆ ಅಲ್ಲಿಗೆ ಪ್ರವೇಶವಿಲ್ಲ. ಒಂದನೆಯ ಹಂತದವರಿಗೆ ನಾಲ್ಕು ಸರಕಿನ ಹಡಗುಗಳನ್ನು ನಕ್ಷೆಯ ಈ ತುದಿಯಿಂದ ಆ ತುದಿಗೆ ತಲುಪಿಸುವ ಒಂದು ಸಣ್ಣ ಕಾರ್ಯಾಚರಣೆ ಮಾಡಿಕೊಟ್ಟಿದ್ದರೆ ಹೊಸ ಆಟಗಾರರಿಗೂ ಹಿತವಾಗಿರುತ್ತಿತ್ತು, ಹಡಗಿಗೂ ನ್ಯಾಯ ಸಲ್ಲುತ್ತಿತ್ತು.

ಹಾಗೆಂದು ಅವಿಸೊಗಳು ಎಂದೂ ನೇರ ಕಾಳಗ ಮಾಡಲೇ ಇಲ್ಲವೆಂದು ತಿಳಿಯಬಾರದು. ಬೂಗನ್‌ವಿಲ್‌ನ ಅಂತ್ಯವೇ ಅದಕ್ಕೆ ಸಾಕ್ಷಿ, ಮತ್ತು ಅದರಷ್ಟು ವಿಷಾದದ ಕಾಳಗ ಫ್ರೆಂಚ್ ನೌಕಾ ಚರಿತ್ರೆಯಲ್ಲಿ ಹೆಚ್ಚಿಲ್ಲ. 1940ರ ಜೂನಿನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಅದರ ವಸಾಹತುಗಳು ಎರಡು ಪಾಲಾದವು. ಕೆಲವು ಜರ್ಮನಿಯೊಡನೆ ಸಹಕರಿಸಿದ ವಿಶಿಯ ಸರಕಾರಕ್ಕೆ ನಿಷ್ಠವಾಗಿ ಉಳಿದವು, ಕೆಲವು ಸೋಲನ್ನೊಪ್ಪದೆ ಹೋರಾಟ ಮುಂದುವರಿಸಿದ ಸೇನಾಧಿಕಾರಿ ಡಿ ಗಾಲ್ ಅವರ ಸ್ವತಂತ್ರ ಫ್ರಾನ್ಸಿನ ಕಡೆಗೆ ಬಂದವು. ಪಾಂಡಿಚೇರಿ ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಡಿ ಗಾಲ್ ಕಡೆ ಸೇರಿತು, ಅದರೊಡನೆ ಮಂಗಳೂರಿನ ದಕ್ಷಿಣಕ್ಕಿರುವ ನಮ್ಮ ನೆರೆಯ ಮಾಹೆಯೂ ಸೇರಿತು. ಆಫ್ರಿಕದ ಗಬಾನ್ ವಿಶಿಯ ಕಡೆಗೇ ಉಳಿಯಿತು. ಅದನ್ನು ಗೆಲ್ಲಲು ಹೋದ ಸ್ವತಂತ್ರ ಫ್ರಾನ್ಸಿನ ಪಡೆಯಲ್ಲಿದ್ದ ಅವಿಸೊದ ಹೆಸರು ಸಾವೋರ್ನ್ಯಾನ್ ದಿ ಬ್ರಾಜ; ಲಿಬ್ರವಿಲ್ ಬಂದರಿನ ಹೊರಗೆ ಅದಕ್ಕೆ ಎದುರಾದದ್ದು ಬೂಗನ್‌ವಿಲ್. ಎರಡೂ ಒಂದೇ ವರ್ಗದವು, ಒಂದೇ ನಕ್ಷೆಯಿಂದ ಕಟ್ಟಿದವು, ಒಂದೇ ಬಗೆಯ ಮೂರು ಮೂರು ತೋಪುಗಳನ್ನು ಹೊತ್ತವು. 1940ರ ನವೆಂಬರ್ 9ರಂದು ಬ್ರಾಜ ತನ್ನ ಅಕ್ಕನನ್ನು ಮುಳುಗಿಸಿತು. ಗಬಾನ್ ಪ್ರದೇಶವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸುತ್ತಿ ಫ್ರಾನ್ಸಿನ ಅಧೀನಕ್ಕೆ ತಂದವರಲ್ಲಿ ಪ್ರಮುಖನಾದ ಬ್ರಾಜನ ಹೆಸರಿನ ಹಡಗೇ ಅದನ್ನು ಮತ್ತೊಮ್ಮೆ ಗೆಲ್ಲಬೇಕಾಗಿ ಬಂದದ್ದು ಕಾಕತಾಳೀಯ. ಬೂಗನ್‌ವಿಲ್ ಹೆಸರಿನ ನಾವಿಕ 1766ರಿಂದ 1769ರವರೆಗೆ ಭೂಮಿಯನ್ನು ಸುತ್ತಿ ಬಂದವನು. ಮಂಗಳೂರಿನ ಬಲ್ಮಠ, ಕದ್ರಿಯ ಕಂಪೌಂಡುಗಳ ಮೇಲೆಲ್ಲ ಹಬ್ಬಿರುವ ಕಾಗದದ ಹೂವಿನ ಬಳ್ಳಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವುದೂ ಅವನದೇ ಹೆಸರನ್ನು.

ಆಟದಲ್ಲಿ ಎರಡೂ ತಂಡಗಳಲ್ಲಿ ಬೂಗನ್‌ವಿಲ್ಲುಗಳಿರುವುದು ಸಾಮಾನ್ಯ. ಒಂದು ಬೂಗನ್‌ವಿಲ್ ಇನ್ನೊಂದಕ್ಕೆ ಎದುರಾದಾಗ ತೋಪು, ವೇಗ, ಮೈ ಯಾವುದರಲ್ಲಿಯೂ ವ್ಯತ್ಯಾಸವಿರುವುದಿಲ್ಲ. ಮೊದಲು ಸರಿಯಾಗಿ ದೂರ ಅಂದಾಜಿಸಿದವನು ಗೆಲ್ಲುತ್ತಾನೆ. ಲಿಬ್ರವಿಲ್ ಕಾಳಗದ ಹೆಸರನ್ನೂ ಎತ್ತದ ಈ ಆಟ, ತಾನರಿಯದೆ ಅದನ್ನು ಪ್ರತಿದಿನ ಮರಳಿ ಆಡಿಸುತ್ತಿದೆ.

ಉಳಿದ ಸೋದರಿಯರ ಬದುಕೂ ಗಮನಿಸಬೇಕಾದುದೇ. ದ್ಯುಮೊಂ ದ್ಯುರ್ವಿಲ್ ಮತ್ತು ಅಮಿರಾಲ್ ಶಾರ್ನೇ 1941ರ ಜನವರಿ 17ರಂದು ಕೊ ಚಾಂಗ್ ದ್ವೀಪದ ಬಳಿ ಲಾಮೊತ್ ಪಿಕೆ ಎಂಬ ಕ್ರೂಸರಿನ ನಾಯಕತ್ವದಲ್ಲಿ ಥಾಯ್ ನೌಕಾಪಡೆಯನ್ನು ಸೋಲಿಸಿದವು. ರಿಗೋ ದಿ ಜನೂಯಿಯನ್ನು 1940ರ ಜುಲೈನಲ್ಲಿ ಬ್ರಿಟಿಷ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ದಾಂತ್ರಕಾಸ್ತೊ 1942ರ ಮೇ ತಿಂಗಳಲ್ಲಿ ಮಡಗಾಸ್ಕರಿನ ದಿಯೇಗೊ ಸ್ವಾರೆಸ್‌ನಲ್ಲಿ ಬ್ರಿಟಿಷರ ದಾಳಿಗೆ ಸಿಕ್ಕಿತು. ದಿಬರ್ವಿಲ್ಲನ್ನು ಅದೇ ವರ್ಷದ ನವೆಂಬರಿನಲ್ಲಿ ತೂಲೊಂ ಬಂದರಿನಲ್ಲಿ ಫ್ರೆಂಚರೇ ಮುಳುಗಿಸಿದರು. ಲಾ ಗ್ರಾಂದಿಯೇರ್ ಎಲ್ಲವನ್ನೂ ದಾಟಿ ಉಳಿದು, 1950ರಲ್ಲಿ ಕೊರಿಯಾ ಯುದ್ಧಕ್ಕೆ ಫ್ರಾನ್ಸ್ ಕಳುಹಿಸಿದ ಹಡಗಾಗಿ ಬೆಂಗಾವಲಿನ ಕೆಲಸವನ್ನೇ ಮಾಡಿತು. ಆಟದೊಳಗಿನ ಪರಿಚಯದ ಟಿಪ್ಪಣಿಯ ನಾಲ್ಕು ಸಾಲುಗಳಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ ನಿಜ, ಆದರೆ ಸೋದರಿಯ ಕೈಯಲ್ಲೇ ಮುಳುಗಿದ ಸಂಗತಿಗಾದರೂ ಹೆಚ್ಚಿನ ಜಾಗ ಸಿಗಬೇಕಿತ್ತು.

ನೋಟದ ವಿಷಯದಲ್ಲಿ ದೂರುವುದಕ್ಕೇನೂ ಇಲ್ಲ. ಬಂದರಿನ ಪರದೆಯಲ್ಲಿ ಹಡಗನ್ನು ಹತ್ತಿರಕ್ಕೆ ಎಳೆದು ನೋಡಿದರೆ ಏಣಿ, ಕಂಬಿ, ದೋಣಿ, ಹಗ್ಗಗಳವರೆಗೆ ಕೆಲಸ ಅಚ್ಚುಕಟ್ಟಾಗಿದೆ. ಹತ್ತನೆಯ ಹಂತದ ಹೆಮ್ಮೆಯ ಹಡಗಿಗೆ ಕೊಟ್ಟಷ್ಟೇ ಗಮನವನ್ನು ಯಾರೂ ನಿಂತು ನೋಡದ ಒಂದನೆಯ ಹಂತದ ಹಡಗಿಗೂ ಕೊಟ್ಟಿರುವುದು ಮೆಚ್ಚಬೇಕಾದ ಗುಣ. ನೀರಿನ ಚಿತ್ರಣ ಸೊಗಸಾಗಿದೆ, ಆದರೂ ಅರಬ್ಬಿ ಸಮುದ್ರದ ಆಷಾಢವನ್ನು ಕಂಡವರಿಗೆ ಆಟದ ಕಡಲು ತೀರಾ ಸೌಮ್ಯವೆನಿಸುತ್ತದೆ. ಅಲೆಗಳಿಗೆ ತೋಪಿನ ಗುರಿ ಕದಲುವುದೇ ಇಲ್ಲ; ಎರಡು ಸಾವಿರ ಟನ್ನಿನ ಹಡಗಿಗೆ ನಿಜದಲ್ಲಿ ಅದೇ ದೊಡ್ಡ ತಲೆನೋವು. ನಾವಿಕರ ಧ್ವನಿಯನ್ನು ಫ್ರೆಂಚಿಗೆ ಬದಲಿಸಿಕೊಳ್ಳುವ ಅವಕಾಶವಿದೆ, ಅರ್ಥವಾಗದಿದ್ದರೂ ಕೇಳಲು ಚೆನ್ನಾಗಿದೆ.

ಇಲ್ಲಿಂದ ಆಡುವವರಿಗೆ ಕೆಲವು ಪ್ರಾಯೋಗಿಕ ಮಾತುಗಳು. ನಾನು ಹೇಳುತ್ತಿರುವುದು ಕಂಪ್ಯೂಟರ್ ಆವೃತ್ತಿಯ ಬಗ್ಗೆ. ಮೊಬೈಲಿನ ಬ್ಲಿಟ್ಜ್ ಆವೃತ್ತಿ ಬೇರೆಯದೇ ಆಟ. ಹತ್ತಾರು ಜಿಬಿ ಇಳಿಸಿಕೊಳ್ಳಬೇಕಾಗುವುದರಿಂದ ಮೊಬೈಲಿನ ಡೇಟಾವನ್ನು ನಂಬಿ ಕೂರುವುದು ಸರಿಯಲ್ಲ, ಮನೆಯ ಫೈಬರ್ ಸಂಪರ್ಕವೇ ಬೇಕು. ಖಾತೆ ತೆರೆಯುವಾಗ ಏಷ್ಯಾ ಸರ್ವರನ್ನು ಆರಿಸಿಕೊಳ್ಳುವುದು ಒಳ್ಳೆಯದು; ಯುರೋಪಿನದನ್ನು ಆರಿಸಿಕೊಂಡರೆ ಗುಂಡಿ ಒತ್ತಿದ್ದಕ್ಕೂ ತೋಪು ಹಾರಿದ್ದಕ್ಕೂ ನಡುವೆ ವಿಳಂಬ ಹೆಚ್ಚುತ್ತದೆ. ಬೂಗನ್‌ವಿಲ್‌ನಂತಹ ನಿಧಾನದ ಹಡಗಿನಲ್ಲಿ ಈ ವಿಳಂಬ ಅಷ್ಟಾಗಿ ಕಾಡುವುದಿಲ್ಲ, ಮುಂದೆ ಡಿಸ್ಟ್ರಾಯರುಗಳಿಗೆ ಹೋದಾಗ ಕಾಡುತ್ತದೆ. ಮಳೆಗಾಲದ ಸಂಜೆಗಳಲ್ಲಿ ಗುಡುಗು ಕೇಳಿಸಿದೊಡನೆ ಕರೆಂಟು ಹೋಗುವ ಊರು ನಮ್ಮದು. ಸಂಪರ್ಕ ಕಡಿದರೂ ಹಡಗು ಕಾಳಗದಿಂದ ಮಾಯವಾಗುವುದಿಲ್ಲ. ಹಿಡಿದ ದಿಕ್ಕಿನಲ್ಲೇ ಸಾಗುತ್ತ ಗುಂಡು ತಿನ್ನುತ್ತಿರುತ್ತದೆ. ಮತ್ತೆ ಒಳಗೆ ಬಂದು ಆಟ ಮುಂದುವರಿಸಲು ಅವಕಾಶವಿದೆಯಾದ್ದರಿಂದ ಕಂಪ್ಯೂಟರಿಗೂ ರೂಟರಿಗೂ ಇನ್ವರ್ಟರಿನ ಆಸರೆ ಇರುವುದು ಅವಶ್ಯಕ. ಆಟದ ಭಾಷೆಗಳಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಓದಬಲ್ಲವರಿಗೆ ತೊಂದರೆಯಿಲ್ಲ, ಓದಲಾಗದ ಹಿರಿಯರಿಗೆ ಮೊದಲ ದಿನ ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು.

ಹೊಸಬರು ಮೊದಲು ಕಂಪ್ಯೂಟರಿನ ವಿರುದ್ಧದ ಕಾಳಗಗಳಲ್ಲಿ ಬೂಗನ್‌ವಿಲ್ಲನ್ನು ನಡೆಸಲಿ. ಅಲ್ಲಿನ ಹಡಗುಗಳು ನೇರವಾಗಿ ಸಾಗುವುದು ಹೆಚ್ಚು, ಹಾಗಾಗಿ ಮುಂದೆ ಎಷ್ಟು ಗುರಿ ಇಡಬೇಕೆಂಬುದು ಬೇಗ ಕೈಗೆ ಹತ್ತುತ್ತದೆ. ಆಮೇಲೆ ಮನುಷ್ಯರ ವಿರುದ್ಧ ಹೋದರೆ ಅವರು ನೇರವಾಗಿ ಸಾಗುವುದಿಲ್ಲವೆಂಬುದು ಗೊತ್ತಾಗಿ ಎರಡನೆಯ ಪಾಠ ಶುರುವಾಗುತ್ತದೆ.

ಹಣದ ವಿಷಯವನ್ನು ಬಿಟ್ಟು ಈ ಆಟದ ವಿಮರ್ಶೆ ಪೂರ್ತಿಯಾಗುವುದಿಲ್ಲ. ಬೂಗನ್‌ವಿಲ್ ಉಚಿತ, ಆದರೆ ಅದು ನಿಂತಿರುವ ಬಂದರಿನ ಪರದೆ ಸಂತೆಯ ದಿನದ ಪೇಟೆ. ರಿಯಾಯಿತಿ, ಒಳಗೇನಿದೆಯೆಂದು ತೆರೆದ ಮೇಲಷ್ಟೇ ತಿಳಿಯುವ ಪೆಟ್ಟಿಗೆ, ಇಷ್ಟು ದಿನಕ್ಕೆ ಮಾತ್ರವೆಂಬ ಕೊಡುಗೆ, ಇವೆಲ್ಲ ಒಂದರ ಮೇಲೊಂದು ಎದ್ದು ಬರುತ್ತವೆ. ದೊಡ್ಡವರು ಇದನ್ನು ಕಡೆಗಣಿಸಿ ಆಡಬಹುದು, ವರ್ಷಗಟ್ಟಲೆ ಒಂದು ರೂಪಾಯಿ ಕೊಡದೆಯೂ ಆಡಬಹುದು. ಹೈಸ್ಕೂಲಿನ ಮಕ್ಕಳ ಕೈಗೆ ಕೊಡುವವರು ಮಾತ್ರ ಖಾತೆಗೆ ಕಾರ್ಡನ್ನೋ ಯುಪಿಐಯನ್ನೋ ಜೋಡಿಸಿಡಬಾರದು. ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಪೆಟ್ಟಿಗೆಗೂ ಜಾತ್ರೆಯ ಜೂಜಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ, ಮತ್ತು ಹಡಗಿನ ಮಾದರಿಗೆ ಇಷ್ಟು ಪ್ರಾಮಾಣಿಕವಾಗಿ ದುಡಿದ ಸಂಸ್ಥೆಗೆ ಈ ಮಾರ್ಗ ಶೋಭಿಸುವುದಿಲ್ಲ.

ಬೂಗನ್‌ವಿಲ್ ಮುಗಿಸಿದವರಿಗೆ ಎರಡನೆಯ ಹಂತದಲ್ಲಿ ಜೂರಿಯೆನ್ ದಿ ಲಾ ಗ್ರಾವಿಯೇರ್ ಎಂಬ 1899ರಲ್ಲಿ ನೀರಿಗಿಳಿದ ಹಳೆಯ ಕ್ರೂಸರ್ ಸಿಗುತ್ತದೆ. ಅದನ್ನು ಬೇಗ ದಾಟಿಬಿಡಿ. ಮೂರನೆಯ ಹಂತದ ಫ್ರಿಯಾಂ ಕೂಡ ಅಂತಹ ನೆನಪನ್ನೇನೂ ಉಳಿಸುವುದಿಲ್ಲ. ನಾಲ್ಕನೆಯ ಹಂತದ ದ್ಯುಗೇ ತ್ರುವಾಂ ಬಂದಾಗ ನಿಲ್ಲಬಹುದು, ಏಕೆಂದರೆ ಕೊ ಚಾಂಗಿನಲ್ಲಿ ಅವಿಸೊಗಳನ್ನು ಮುನ್ನಡೆಸಿದ ಲಾಮೊತ್ ಪಿಕೆ ಇದೇ ವರ್ಗದ್ದು, ಆಡಲೂ ಹಗುರವಾದ ಹಡಗು. ಅಷ್ಟರಲ್ಲಿ ನಮ್ಮವರ ಕಣ್ಣು ಕಾಮನ್‌ವೆಲ್ತ್ ಸಾಲಿನ ಆರನೆಯ ಹಂತದಲ್ಲಿರುವ ಮೈಸೂರು ಎಂಬ ಕ್ರೂಸರಿನ ಮೇಲೆ ಬೀಳದೆ ಇರುವುದಿಲ್ಲ. ಬ್ರಿಟನ್ನಿನ ನೈಜೀರಿಯಾ ಎಂಬ ಹಡಗನ್ನು ಕೊಂಡು 1957ರಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಿಕೊಂಡ ಐಎನ್‌ಎಸ್ ಮೈಸೂರು ಅದು; ಕಾವೇರಿ ಮರ್ಮಗೋವಾದಲ್ಲಿದ್ದ ಅದೇ ದಿನ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕಾರ್ಯಾಚರಣೆಯಲ್ಲಿತ್ತು. ಇದು ದುಡ್ಡು ಕೊಟ್ಟು ಪಡೆಯಬೇಕಾದ ಬಗೆಯ ಹಡಗು. ಬೂಗನ್‌ವಿಲ್‌ನ ಮೂರು ತೋಪುಗಳಿಂದ ಗುರಿ ಹಿಡಿಯಲು ಕಲಿತ ಮೇಲೆ, ಅಂಗಡಿಯ ಪುಟದಲ್ಲಿ ಅದು ಕಾಣಿಸಿಕೊಂಡಾಗ ಕೊಳ್ಳುವ ಮನಸ್ಸಾದರೆ ಹಡಗನ್ನಷ್ಟೇ ಕೊಳ್ಳಿ, ಅದರ ಜೊತೆಗೆ ಪೋಣಿಸಿ ಮಾರುವ ಕಂತೆಯನ್ನು ಬಿಟ್ಟುಬಿಡಿ.